ದೊಡ್ಡವ್ವನ ಉಪ್ಪಿನ ಬಟ್ಟಲು

ಸಾಸಿವೆ ಹಾಕಿದ ಕೂಡಲೇ ದೊಡ್ಡವ್ವ ತಲೆಯನ್ನು ಎಡಕ್ಕೆ ವಾಲಿಸಿ, ಸೆರಗಿನ ಅಂಚನ್ನು ಕಿವಿಯ ಹಿಂದೆ ಸರಿಸಿ, ಕಣ್ಣು ಮುಚ್ಚಿಕೊಂಡು ಬಾಣಲೆಗೆ ಕಿವಿ ಕೊಡುತ್ತಿದ್ದಳು. ಕಿವಿಯ ಮೇಲ್ತುದಿಯ ಬುಗುಡಿ ಒಲೆಯ ಬೆಳಕಿಗೆ ಹೊಳೆಯುತ್ತಿತ್ತು. ಚಟಪಟ ಜೋರಾಗಿ, ಇನ್ನೇನು ನಿಲ್ಲಬೇಕು ಅನ್ನುವಾಗ ಕಣ್ಣು ತೆರೆದು ಕರಿಬೇವು ಹಾಕುವಳು. ಸಿರುಗುಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಅವಳ ಖಾನಾವಳಿಗೆ ಹೊಸದಾಗಿ ಬಂದವರು ಇದನ್ನು ನೋಡಿ ನಗುತ್ತಿದ್ದರು. 'ಈಯಮ್ಮ ಸಾರಿನ ಕೂಡನೂ ಮಾತಾಡ್ತಾಳ ನೋಡು' ಎಂದು ಒಬ್ಬ ಲಾರಿ ಡ್ರೈವರ್ ಕ್ಲೀನರನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅವಳು ನನ್ನ ಅವ್ವನ ಅಕ್ಕ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಆ ಖಾನಾವಳಿಯನ್ನು ನಡೆಸಿದವಳು. ಮಾತು ಕಡಿಮೆ, ಹಟ ಜಾಸ್ತಿ. ಫೋನು ನೋಡುತ್ತ ಉಣ್ಣುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. 'ರೊಟ್ಟಿ ನಿನ್ನ ಮಾರಿ ನೋಡಾಕತ್ತೈತಿ, ನೀ ಏನು ನೋಡಾಕತ್ತಿ?' ಎಂದು ಗದರಿಸಿಯೇ ಎರಡನೆಯ ರೊಟ್ಟಿ ಹಾಕುತ್ತಿದ್ದಳು. ಇಂಥವಳು ಮುಂದೆ ನನ್ನ ಫೋನನ್ನು ನನಗಿಂತ ಹೆಚ್ಚು ನೋಡುವಂತಾದಳು ಎಂದರೆ ಅವಳ ಗಿರಾಕಿಗಳೇ ನಂಬುವುದಿಲ್ಲ.

ಎಲ್ಲರ ಮನೆಗೂ ಜ್ವರ ಬಂದು ಹೋದ ಆ ಬೇಸಿಗೆಯಲ್ಲಿ ದೊಡ್ಡವ್ವನಿಗೂ ಬಂತು. ಅವಳು ಬದುಕಿಕೊಂಡಳು. ಆದರೆ ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಅದು ನನಗೆ ತಿಳಿದದ್ದು ಎಷ್ಟೋ ತಿಂಗಳ ನಂತರ, ಬಳ್ಳಾರಿಯಿಂದ ಅವಳನ್ನು ನೋಡಲು ಹೋಗಿದ್ದ ಒಂದು ಮಧ್ಯಾಹ್ನ. ಅವಳು ನನ್ನ ಕಡೆ ಮುಖ ಮಾಡಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಬೆನ್ನ ಹಿಂದೆ ಒಲೆಯ ಮೇಲಿದ್ದ ಬೆಳ್ಳುಳ್ಳಿ ಒಗ್ಗರಣೆ ಸೀದು ಇದ್ದಿಲಾಗುತ್ತಿತ್ತು. ನನಗೆ ಘಾಟು ಹತ್ತಿ ಕೆಮ್ಮು ಬಂತು. 'ಯಾಕ, ನೆಗಡಿ ಆಗೈತೇನು?' ಎಂದಳು. ನಾನು ಒಲೆಯ ಕಡೆ ಕೈ ತೋರಿಸಿದೆ. ತಿರುಗಿ ನೋಡಿದವಳು ಬಾಣಲೆ ಇಳಿಸಿದಳು.

'ಕದ ಹಾಕು' ಎಂದಳು. ಹಾಕಿದೆ.

'ನಾಲಿಗಿ ಸತ್ತೈತಿ. ಮೂಗೂ ಅಷ್ಟ. ಬೆಲ್ಲ ತಿಂದ್ರೂ ಒಂದ, ಮಣ್ಣು ತಿಂದ್ರೂ ಒಂದ.'

'ಡಾಕ್ಟರಿಗೆ ತೋರಿಸಿದೇನು?'

'ತೋರ್ಸೀನಿ. ಬಂದ್ರ ಬರ್ತೈತಿ, ಇಲ್ಲಾಂದ್ರ ಇಲ್ಲ ಅಂದ್ರು. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ರುಚಿ ತಿಳೀದಾಕಿ ಖಾನಾವಳಿ ನಡಸಾಕತ್ತಾಳ ಅಂತ ಗೊತ್ತಾದ್ರ ನಾಳಿಂದ ಈ ಹೊಸ್ತಿಲ ಯಾರು ದಾಟ್ತಾರ?'

ಹಾಗಾದರೆ ಮುಚ್ಚಿಬಿಡು, ನನ್ನ ಜೊತೆ ಬಾ ಅಂದೆ. ಅವಳಿಗೆ ಸಿಟ್ಟೇ ಬಂತು. 'ಕೈ ಅದಾವು, ಕಣ್ಣು ಅದಾವು, ಕಿವಿ ಅದಾವು. ಒಂದು ಹೋತಂತ ಉಳಿದದ್ದನ್ನೆಲ್ಲ ಮೂಲಿಗೆ ಒಗೀಲೇನು?' ಒಗ್ಗರಣೆಗೆ ಅವಳು ಕಿವಿ ಕೊಡುತ್ತಿದ್ದದ್ದೇಕೆ ಎಂಬುದು ನನಗೆ ಆಗ ಅರ್ಥವಾಯಿತು. ಪ್ರತಿ ಮೇಜಿನ ಮೇಲೂ ಹೊಸದಾಗಿ ಒಂದೊಂದು ಸ್ಟೀಲಿನ ಉಪ್ಪಿನ ಬಟ್ಟಲು ಬಂದು ಕುಳಿತದ್ದರ ಗುಟ್ಟನ್ನೂ ಅವಳೇ ಹೇಳಿದಳು. ಬಟ್ಟಲ ಉಪ್ಪು ಇಳಿದರೆ ಅಂದಿನ ಸಾರು ಸಪ್ಪೆ. ಉಪ್ಪು ಹಾಗೇ ಇದ್ದು ನೀರಿನ ತಂಬಿಗೆ ಬೇಗ ಖಾಲಿಯಾದರೆ ಉಪ್ಪೋ ಖಾರವೋ ಮುಂದಾಗಿದೆ. ಅವರಿವರನ್ನು ಕೇಳದೆ, ಮೇಜು ಒರೆಸುವ ನೆವದಲ್ಲಿ ಅವಳು ದಿನವೂ ತನ್ನ ಅಡುಗೆಯನ್ನು ಹೀಗೆ ರುಚಿ ನೋಡುತ್ತಿದ್ದಳು.

ನನ್ನ ಕಥೆ ಆ ದಿನಗಳಲ್ಲಿ ಹೇಳಿಕೊಳ್ಳುವಂತಿರಲಿಲ್ಲ. ಶಾಲೆಯ ಕೆಲಸ ಬಿಟ್ಟು ಕನ್ನಡದಲ್ಲಿ ಅಡುಗೆಯ ಬ್ಲಾಗ್ ಶುರುಮಾಡಿದ್ದೆ. ಓದುವವರೆಂದರೆ ನಾದಿನಿ ಒಬ್ಬಳು, ಮತ್ತೆ ತಪ್ಪಿ ಬಂದವರು. ಆಗ ಯಾರೋ ಹೇಳಿದರು: ಮನಸ್ಸಿಗೆ ತೋಚಿದ್ದನ್ನು ಬರೆದರೆ ಆಗುವುದಿಲ್ಲ, ಜನ ಏನನ್ನು ಹುಡುಕುತ್ತಿದ್ದಾರೆ ಎಂದು ನೋಡಿ ಬರೆಯಬೇಕು. ವಿಡಿಯೊ ಆ್ಯಪಿನ ಹುಡುಕುಪೆಟ್ಟಿಗೆಯಲ್ಲಿ ಒಂದು ಪದ ಹಾಕಿದರೆ, ಮಂದಿ ಅದರ ಮುಂದೆ ಏನೇನು ಸೇರಿಸಿ ಹುಡುಕುತ್ತಾರೆ ಎಂದು ಅದೇ ತೋರಿಸುತ್ತದೆ. ಚಿತ್ರಗಳನ್ನು ಗೋಡೆಗೆ ಅಂಟಿಸಿದಂತೆ ಜೋಡಿಸುವ ಇನ್ನೊಂದು ಆ್ಯಪಿನಲ್ಲಿ ಯಾವ ತಿಂಗಳು ಯಾವ ಹುಡುಕಾಟ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಗೆರೆ ಎಳೆದು ತೋರಿಸುತ್ತಾರೆ. ಇದನ್ನು ದೊಡ್ಡವ್ವನಿಗೆ ವಿವರಿಸಲು ಅರ್ಧ ದಿನ ಬೇಕಾದೀತು ಎಂದುಕೊಂಡಿದ್ದೆ. ಅವಳು ಗೆರೆಯನ್ನು ನೋಡಿದಳು, ಮೇಜಿನ ಕಡೆ ನೋಡಿದಳು.

'ಉಪ್ಪಿನ ಬಟ್ಲ ನೋಡಿದಂಗ' ಎಂದಳು. ಅಷ್ಟೇ.

ಅಂದಿನಿಂದ ಬ್ಲಾಗ್ ನಮ್ಮಿಬ್ಬರದಾಯಿತು. ಆದರೆ ಅವಳದೊಂದು ಕಟ್ಟಪ್ಪಣೆ ಇತ್ತು. ಗೆರೆ ಎಷ್ಟೇ ಏರಿರಲಿ, ಖಾನಾವಳಿಯಲ್ಲಿ ಬಡಿಸಿ, ಮಂದಿ ಉಂಡ ಮೇಲೆಯೇ ಅದನ್ನು ಬರೆಯಬೇಕು. ಇದರ ಫಲವನ್ನು ಅನುಭವಿಸಿದವರು ಸಿರುಗುಪ್ಪದ ಅಕ್ಕಿ ಗಿರಣಿಯ ಗುಮಾಸ್ತರು, ಹಮಾಲರು ಮತ್ತು ಡ್ರೈವರುಗಳು. ಮೊಮೊ ಏರುತ್ತಿದೆ ಅಂದೆ, ಮಾಡಿದಳು. 'ಅಕ್ಕಾರ, ಈ ಕಡಬಿಗೆ ಬೆಲ್ಲ ಹಾಕಾಕ ಮರತೀರಿ' ಎಂದು ಒಬ್ಬ ಹಮಾಲ ಎತ್ತಿ ತೋರಿಸಿದ. ಡಿಸೆಂಬರಿನಲ್ಲಿ ದೇಶವೆಲ್ಲ ಬಿಸಿಬಿಸಿ ಸೂಪು ಹುಡುಕುತ್ತಿದೆ ಎಂದು ಗೆರೆ ಹೇಳಿತು. ನಮ್ಮ ಊರುಗಳಲ್ಲಿರುವುದು ಬೇಸಿಗೆ ಮತ್ತು ಕಡುಬೇಸಿಗೆ ಎರಡೇ ಕಾಲ ಎಂಬುದನ್ನು ಮರೆತು ನಾನು ಸೂಪು ಮಾಡಿಸಿದೆ. ಎಲ್ಲರೂ ಅದನ್ನು ಅನ್ನಕ್ಕೆ ಕಲಸಿಕೊಂಡು, ಹುಣಸೆಹಣ್ಣು ಸಾಲದೆಂದು ಗೊಣಗುತ್ತ ಎದ್ದುಹೋದರು.

'ಇದು ಯಾವ ಊರಿನ ಬಟ್ಲ?' ಎಂದು ಕೇಳಿದಳು ದೊಡ್ಡವ್ವ, ಗೆರೆಯ ಮೇಲೆ ಬೆರಳಿಟ್ಟು.

ನಾನು ಇಡೀ ದೇಶದ ಗೆರೆಯನ್ನು ನೋಡುತ್ತಿದ್ದೆ. ನಮ್ಮ ಸೀಮೆಯನ್ನಷ್ಟೇ ಆರಿಸಿ ನೋಡಿದಾಗ ಅಂಬಲಿ, ಮಜ್ಜಿಗೆ, ಹಸಿ ಸಾರುಗಳ ಗೆರೆ ಶಿವರಾತ್ರಿಯ ಸುಮಾರಿಗೆ ಏಳುವುದು ಕಂಡಿತು. ಹಾಗಾದರೆ ಶಿವರಾತ್ರಿಗೆ ಬರೆಯೋಣ ಅಂದೆ. 'ಬಿಸಲು ಹತ್ತಿದ ಮ್ಯಾಲ ಕುಂಬಾರನ ಮನಿಗೆ ಹೋದ್ರ ಗಡಿಗಿ ಸಿಗ್ತೈತೇನು? ಸಂಕ್ರಾಂತಿಗೆ ಬರದಿಡು' ಎಂದಳು. ಹಾಗೇ ಮಾಡಿದೆ. ಜೋಳದ ಅಂಬಲಿಯ ಬರಹ ಬೇಸಿಗೆ ಕಾಲಿಡುವ ಹೊತ್ತಿಗೆ ಊರೂರು ತಿರುಗಿತು. ತೆಕ್ಕಲಕೋಟೆಯ ಒಬ್ಬಾಕೆ 'ನಮ್ಮತ್ತಿ ಹಿಂಗ ಮಾಡ್ತಿದ್ರು' ಎಂದು ಬರೆದಳು. ಅದನ್ನು ದೊಡ್ಡವ್ವನಿಗೆ ಓದಿ ಹೇಳಿದಾಗ, 'ಅವರತ್ತಿ ಶ್ಯಾಣ್ಯಾಕಿ' ಎಂದು ಒಪ್ಪಿಕೊಂಡಳು.

ಎಲ್ಲಕ್ಕೂ ಬೇರೆಯೇ ತಿರುವು ಸಿಕ್ಕಿದ್ದು ಒಂದು ಮಧ್ಯಾಹ್ನ, ಊಟದವರೆಲ್ಲ ಎದ್ದುಹೋದ ಮೇಲೆ. ನೀರಿನ ಕೊಡಕ್ಕೆ ಫೋನು ಒರಗಿಸಿ ಇಬ್ಬರೂ ಕೂತಿದ್ದೆವು. 'ರುಚಿಯಾದ ಸಾರು' ಎಂದು ಹುಡುಕಲು ಹೊರಟವಳು 'ರುಚಿ' ಎಂದಷ್ಟೇ ಬರೆದಿದ್ದೆ. ಕೆಳಗೆ ಸಾಲುಗಳು ತಾವಾಗಿಯೇ ಬಂದವು: ರುಚಿ ಗೊತ್ತಾಗುತ್ತಿಲ್ಲ ಏನು ಮಾಡಬೇಕು. ರುಚಿ ವಾಸನೆ ಯಾವಾಗ ಬರುತ್ತದೆ. ರುಚಿ ಇಲ್ಲದೆ ಅಡುಗೆ ಹೇಗೆ. ನಾನು ಬೇಗ ಅಳಿಸಲು ಹೋದೆ. ದೊಡ್ಡವ್ವ ನನ್ನ ಕೈ ಹಿಡಿದಳು. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಮೂರೂ ಸಾಲನ್ನು ಮುಗಿಸಲು ಹೊತ್ತು ಹಿಡಿಯಿತು.

'ಇದನ್ನ ಯಾರು ಬರದಾರ?'

'ಯಾರೋ ಮಂದಿ ಹುಡುಕಿದ್ದು, ದೊಡ್ಡವ್ವಾ.'

'ಬಾಳ ಮಂದಿ ಅದಾರೇನು?'

ಗೆರೆಯನ್ನು ತೆಗೆದು ತೋರಿಸಿದೆ. ಮೊಮೊದ ಗೆರೆಯಂತೆ ಅದು ಜಿಗಿಯುತ್ತಿರಲಿಲ್ಲ. ಜ್ವರದ ವರ್ಷ ಎದ್ದು, ಆಮೇಲೆ ಇಳಿದು, ಆದರೂ ನೆಲ ಮುಟ್ಟದೆ ಸಣ್ಣಗೆ ಹರಿಯುತ್ತಲೇ ಇತ್ತು. ಅವಳು ಸೆರಗಿನಿಂದ ಫೋನಿನ ಗಾಜನ್ನು ಒರೆಸಿದಳು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಇವರಿಗೆ ಯಾರಾದರೂ ಉತ್ತರ ಹೇಳಿದ್ದಾರೆಯೇ ನೋಡು ಎಂದಳು. ನೋಡಿದೆವು. ಗುಳಿಗೆಯ ಮಾತಿತ್ತು, ಕಷಾಯದ ಮಾತಿತ್ತು. ನಾಳೆ ಬೆಳಿಗ್ಗೆ ಒಲೆಯ ಮುಂದೆ ನಿಲ್ಲಲೇಬೇಕಾದ ಹೆಂಗಸು ಏನು ಮಾಡಬೇಕೆಂಬ ಮಾತು ನಮ್ಮ ಕಣ್ಣಿಗೆ ಎಲ್ಲೂ ಬೀಳಲಿಲ್ಲ.

'ಬರಿ. ನಾ ಹೇಳ್ತೀನಿ' ಎಂದಳು.

ಬರೆಯುತ್ತೇನೆ, ಆದರೆ ಯಾರೆಂದು ಹಾಕುವುದಿಲ್ಲ, ಊರೂ ಹಾಕುವುದಿಲ್ಲ ಅಂದೆ. ಇಷ್ಟು ದಿನ ಮುಚ್ಚಿಟ್ಟದ್ದು ಬಯಲಾದರೆ ಖಾನಾವಳಿಯ ಗತಿ ಏನು? ಅವಳು ನನ್ನನ್ನೇ ದಿಟ್ಟಿಸಿದಳು.

'ಮುಸುಕು ಹಾಕ್ಕೊಂಡು ಇನ್ನೊಬ್ರಿಗೆ ಧೈರ್ಯ ಹೇಳಾಕ ಬರ್ತೈತೇನು? ನನ್ನ ಹೆಸರು ಹಾಕು. ಊರು ಹಾಕು. ಆದ್ರ ಒಂದು. ನನ್ನ ಕೈಲೆ ಉಂಡವರಿಗೆ ಮೊದ್ಲು ನಾನ ಹೇಳ್ಬೇಕು. ಫೋನಿನ್ಯಾಗ ಓದಿ ಅವರಿಗೆ ಗೊತ್ತಾಗಬಾರ್ದು.'

ಮರುದಿನ ಊಟದ ಹೊತ್ತು. ಮೇಜುಗಳೆಲ್ಲ ತುಂಬಿದ್ದವು. ಅವಳು ಸಾರಿನ ಸವಟನ್ನು ಕೈಯಲ್ಲಿ ಹಿಡಿದೇ ನಡುಮಧ್ಯೆ ಬಂದು ನಿಂತಳು. 'ನನಗ ಜ್ವರ ಬಂದಾಗಿಂದ ರುಚಿ ಗೊತ್ತಾಗಂಗಿಲ್ಲ, ವಾಸನಿನೂ ಇಲ್ಲ. ಅಂದಿನಿಂದ ಕಿವಿಲೆ, ಕೈಲೆ ಅಡಿಗಿ ಮಾಡಾಕತ್ತೀನಿ. ನಿಮಗ ಹೇಳಿರ್ಲಿಲ್ಲ. ಇರಾವ್ರು ಇರ್ರಿ, ಹೋಗಾವ್ರು ಹೋಗ್ರಿ.'

ಮೊದಲು ಬಾಯಿಬಿಟ್ಟವರು ಬಟ್ಟೆ ಅಂಗಡಿಯ ಚಾಚಾ. ವರ್ಷಗಟ್ಟಲೆ ದಿನದ ಊಟ ಅಲ್ಲೇ ಮಾಡುತ್ತಿದ್ದ ಹಿರಿಯರು, ಕಿಟಕಿಯ ಪಕ್ಕದ ಮೇಜು ಅವರದೇ ಎಂಬಂತಿತ್ತು. 'ಅಂದ್ರ ತಂಗಿ, ಈ ಉಪ್ಪಿನ ಬಟ್ಲ ಇಟ್ಟದ್ದು ಅದಕ್ಕೇನು?'

'ಹೌದ್ರಿ. ನಿಮ್ಮ ಬಟ್ಲ ಯಾವತ್ತೂ ಇಳೀಲಿಲ್ಲ. ನಿಮ್ಮ ಮ್ಯಾಜಿನ ಮ್ಯಾಲ ಬಾಳ ಭರೋಸ ಇಟ್ಟಿದ್ದೆ.'

'ನನಗ ಬೀಪಿ ಐತಿ ತಂಗಿ. ಡಾಕ್ಟ್ರು ಮ್ಯಾಲುಪ್ಪು ಮುಟ್ಟಬ್ಯಾಡ ಅಂದಾರ. ಎಷ್ಟೋ ದಿನ ಸಪ್ಪನ ಸಾರು ಸುಮ್ಮನ ಉಂಡೀನಿ.'

ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ದೊಡ್ಡವ್ವನೂ ನಕ್ಕಳು, ಆದರೆ ಆ ಮಾತು ಅವಳಿಗೆ ನಾಟಿತು. 'ನೋಡಿದ್ಯಾ? ಬಟ್ಲ ನೋಡಿದ್ರ ಸಾಲಂಗಿಲ್ಲ, ಬಟ್ಲದ ಮುಂದ ಕುಂತಾವ್ರನ್ನೂ ನೋಡಬೇಕು' ಎಂದು ಸಂಜೆ ನನಗೆ ಹೇಳಿದಳು. ಚಾಚಾ ಮಾರನೆಯ ದಿನದಿಂದ ಮೊದಲ ತುತ್ತು ಉಂಡ ಕೂಡಲೇ ಒಲೆಯ ಕಡೆ ಕೂಗಿ ಹೇಳತೊಡಗಿದರು: ಇವತ್ತು ಸರಿ ಐತಿ, ಇವತ್ತು ಒಂದು ಹರಳು ಕಡಿಮಿ. ಎಲ್ಲರೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಕೆಲವರು ಎದುರಿನ ಹೋಟೆಲಿಗೆ ಹೋದರು. ಬಾಗಿಲ ಹತ್ತಿರದ ಮೇಜು ಬಹಳ ದಿನ ಖಾಲಿಯೇ ಇತ್ತು. ಅವಳು ಅದನ್ನೂ ದಿನವೂ ಒರೆಸಿ, ಬಟ್ಟಲಿಗೆ ಉಪ್ಪು ತುಂಬಿಡುತ್ತಿದ್ದಳು.

ಬರಹವನ್ನು ಅವಳು ಹೇಳಿದಂತೆಯೇ ಇಳಿಸಿದೆ. ಸಾಸಿವೆಯ ಸದ್ದು ಇಳಿಯುವಾಗ ಕರಿಬೇವು. ಉಪ್ಪಿಗೆ ಚಮಚ ಬೇಡ, ನಿನ್ನದೇ ಬೆರಳು ಬೇಕು, ಅದು ಹಳೆಯ ಅಳತೆಯನ್ನು ಮರೆತಿರುವುದಿಲ್ಲ. ಹುಣಸೆರಸ ಎಷ್ಟು ಗಟ್ಟಿ ಎಂದು ಬೆರಳ ಸಂದಿಯಲ್ಲಿ ಇಳಿಬಿಟ್ಟು ನೋಡು. ಒಬ್ಬಳೇ ಕೂತು ಉಣ್ಣಬೇಡ, ರುಚಿ ಗೊತ್ತಿರುವವರ ಎದುರು ಕೂತು ಅವರ ಮುಖ ನೋಡುತ್ತ ಉಣ್ಣು. ಬ್ಲಾಗ್ ಬೆಳೆದದ್ದು ಆ ಬರಹದಿಂದ. ಹುಡುಕುತ್ತಿದ್ದವರು ನೇರವಾಗಿ ಅದಕ್ಕೇ ಬಂದು ತಲುಪಿದರು. ಅವರಲ್ಲಿ ಕುರುಗೋಡಿನ ಒಬ್ಬ ಹೆಣ್ಣುಮಗಳು ಬಸ್ಸು ಹತ್ತಿ ಖಾನಾವಳಿಗೇ ಬಂದುಬಿಟ್ಟಳು. ರುಚಿ ಹೋದ ಮೇಲೆ ಮಕ್ಕಳಿಗೆ ಏನು ಬಡಿಸುತ್ತೇನೋ ಎಂಬ ಹೆದರಿಕೆಯಲ್ಲಿ ಒಲೆಯನ್ನೇ ಬಿಟ್ಟವಳಂತೆ. ದೊಡ್ಡವ್ವ ಸಮಾಧಾನದ ಮಾತೇನೂ ಆಡಲಿಲ್ಲ. ಬಾಣಲೆ ಇಟ್ಟು, ಎಣ್ಣೆ ಬಿಟ್ಟು, ಸಾಸಿವೆಯನ್ನು ಅವಳ ಕೈಗೆ ಕೊಟ್ಟು, 'ಹಾಕು, ಕೇಳು' ಎಂದಳು. ಇಬ್ಬರು ಹೆಂಗಸರೂ ತಲೆ ವಾಲಿಸಿ ನಿಂತದ್ದನ್ನು ನಾನು ಫೋಟೊ ತೆಗೆಯಲಿಲ್ಲ. ತೆಗೆಯಬೇಕು ಅನ್ನಿಸಲೂ ಇಲ್ಲ. ಆ ಹೆಣ್ಣುಮಗಳು ಆಮೇಲೆ ಅಲ್ಲೇ ಕೆಲಸಕ್ಕೆ ನಿಂತಳು.

ದೊಡ್ಡವ್ವ ಕಳೆದ ಬೇಸಿಗೆಯಲ್ಲಿ ತೀರಿಕೊಂಡಳು. ಬೆಳಿಗ್ಗೆ ಜೋಳದ ಹಿಟ್ಟು ನಾದುತ್ತಿದ್ದವಳು ಗೋಡೆಗೆ ಒರಗಿದಳು, ಮತ್ತೆ ಏಳಲಿಲ್ಲ. ಕೊನೆಯವರೆಗೂ ಅವಳಿಗೆ ರುಚಿ ಮರಳಲಿಲ್ಲ. ನಾನು ಇಂದಿಗೂ ಗೆರೆಗಳನ್ನು ನೋಡಿಯೇ ಬರೆಯುತ್ತೇನೆ. ಗೆರೆಯ ಆಚೆ ಯಾರು ಕೂತಿದ್ದಾರೆ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಅದು ಅವಳು ಹಾಕಿಕೊಟ್ಟ ಅಭ್ಯಾಸ, ಆ ಋಣ ತೀರುವಂಥದ್ದಲ್ಲ.

ಖಾನಾವಳಿಯ ಬಾಗಿಲು ಮತ್ತೆ ತೆರೆದ ದಿನ ನಾನೂ ಹೋಗಿದ್ದೆ. ಒಲೆಯ ಮುಂದೆ ಕುರುಗೋಡಿನವಳು ನಿಂತಿದ್ದಳು. ಚಾಚಾ ಬಂದು ಕಿಟಕಿಯ ಪಕ್ಕ ಕೂತರು. ಮೊದಲ ತುತ್ತು ಉಂಡು, ರೂಢಿಯಂತೆ ಒಲೆಯ ಕಡೆ ಕೂಗಿದರು, 'ತಂಗೀ, ಇವತ್ತು ಒಂದು ಹರಳು ಕಡಿಮಿ.' ಕೂಗಿದ ಮೇಲೆ ಅವರಿಗೆ ನೆನಪಾಯಿತು. ಕೈ ತಟ್ಟೆಯಲ್ಲೇ ನಿಂತಿತು. ಯಾರೂ ತಲೆ ಎತ್ತಲಿಲ್ಲ.

'ಹಾಕ್ತೀನ್ರಿ ಚಾಚಾ' ಎಂದಳು ಕುರುಗೋಡಿನವಳು, ಉಪ್ಪಿನ ಡಬ್ಬಿಗೆ ಬೆರಳು ಇಳಿಸುತ್ತ.