ಮೇಜಿನಾಚೆಯ ಡಾಕ್ಟರು

ಡಾಕ್ಟರು ತಿಂಗಳಿಗೊಮ್ಮೆ ತಮ್ಮ ಕೋಣೆಯ ಸಾಮಾನನ್ನೆಲ್ಲ ಹೊಸದಾಗಿ ಜೋಡಿಸುತ್ತಾರೆ. ಕೋಣೆಗೆ ಗುಣವಾಗುತ್ತದೆ, ರೋಗಿಗಳು ಹಾಗೇ ಇರುತ್ತಾರೆ. ಈಗಂತೂ ಮೇಜು ಎರಡು ಮಂಚದಷ್ಟು ಅಗಲ, ರೋಗಿಯ ಸ್ಟೂಲು ಬಾಗಿಲಿಗೆ ಅಂಟಿಕೊಂಡಿದೆ. "ಹತ್ತಿರ ಕೂರಿಸಿದ್ರೆ ಅಜ್ಜಿ ಕಾಲದ ಕತೆಯೆಲ್ಲ ತೆಗೀತಾರಮ್ಮ" ಎಂದು ನರ್ಸಮ್ಮನಿಗೆ ಪಾಠ. ಹೀಗಾಗಿ ಮೂಲವ್ಯಾಧಿಯವರೂ ಕೂಗಿಯೇ ಹೇಳಬೇಕು. ಹೊರಗೆ ಕಾದವರು ಅಲ್ಲಿಂದಲೇ ಮದ್ದು ಸೂಚಿಸಿ ಡಾಕ್ಟರ ಶ್ರಮ ತಗ್ಗಿಸುತ್ತಾರೆ. ಮೊನ್ನೆ ಮೇಷ್ಟ್ರ ಹೆಂಡತಿ ಬಂದು ಕೂತರು, ಬಾಗಿಲಾಚೆ ಕಾದವರತ್ತ ನೋಡಿ ಏನೋ ಪಿಸುಗುಟ್ಟಿದರು. "ಜೋರಾಗಿ ಹೇಳಿ" ಎಂದು ಡಾಕ್ಟರು ಗದರಿದರು. ಆಕೆ ಎದೆಗೆ ಕೈಯಿಟ್ಟು "ಗಂಟು" ಎಂದು ತುಟಿಯಷ್ಟೇ ಆಡಿಸಿದರು. ಡಾಕ್ಟರು ಎದ್ದರು, ನರ್ಸಮ್ಮನನ್ನು ಒಳಗೆ ಕರೆದು ಬಾಗಿಲು ಹಾಕಿದರು, ಆಕೆಯ ಸ್ಟೂಲಿನ ಎದುರು ನೆಲದ ಮೇಲೇ ಕೂತುಬಿಟ್ಟರು. "ಈಗ ಹೇಳಿ ತಾಯಿ, ಮೆಲ್ಲಗೆ ಹೇಳಿದ್ರೂ ಕೇಳಿಸುತ್ತೆ."