ಹಲಸಿಯ ಗುಡ್ಡದಲ್ಲಿ ಅತ್ತೆಯ ಲಿಂಗ ಕಳೆದಾಗ

ಅದು ಕಳೆದ ವರ್ಷ ಕಾರ್ತಿಕದ ಒಂದು ರವಿವಾರ. ಅದಕ್ಕೂ ಸ್ವಲ್ಪ ಮೊದಲು ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ, ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದು ನನಗೆ, ಹುರುಪು ಬಂದದ್ದು ನಮ್ಮ ಅತ್ತೆಗೆ. ಬೆಳಗಾವಿಯಲ್ಲಿ ನಾವಿರುವ ಕ್ಯಾಂಪ್ ಭಾಗದ ರಸ್ತೆಗಳು ಅವರಿಗೆ ಬಹಳ ಬೇಗ ಬೇಸರವಾದವು. "ಹೊಲ, ಗಿಡ, ಗುಡಿ ಕಾಣೂ ಹಂಗ ಅಡ್ಡಾಡೂಣು ನಡಿ" ಎಂದು ರವಿವಾರ ಬಂತೆಂದರೆ ಖಾನಾಪುರದ ಕಡೆಯ ಒಂದೊಂದು ಹಳ್ಳಿಗೆ ನನ್ನನ್ನು ಎಳೆದುಕೊಂಡು ಹೊರಡತೊಡಗಿದರು. ಎಪ್ಪತ್ತು ದಾಟಿದ ಅವರು ಮುಂದೆ, ಏದುಸಿರು ಬಿಡುತ್ತ ನಾನು ಹಿಂದೆ. ಗುಂಜಿಯ ಕಾಡಂಚಿನ ದಾರಿ ಮುಗಿದ ಮೇಲೆ ಹಲಸಿಯ ಸರದಿ ಬಂತು.

ಬೆಳಗಿನ ಬಸ್ಸಿಗೇ ಹೋಗಿ ಇಳಿದೆವು. ಊರೊಳಗೆ ಕದಂಬರ ಕಾಲದ ದೊಡ್ಡ ಗುಡಿ ಇದೆ. ಅದರೊಳಗೆ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಅತ್ತೆ ಆ ಕಡೆ ಈ ಕಡೆ ನೋಡಿ, "ದೇವರು ಮಾರಿಗೆ ಮಾರಿ ಕೊಟ್ಟ ಅದಾರ ನೋಡವಾ, ಅತ್ತಿ ಸೊಸಿ ಇದ್ದಂಗ" ಎಂದರು. ಇಬ್ಬರೂ ನಗುತ್ತ ಭತ್ತದ ಗದ್ದೆಗಳ ನಡುವಿನ ದಾರಿ ಹಿಡಿದು ರಾಮತೀರ್ಥದ ಗುಡ್ಡ ಹತ್ತಿದೆವು. ದಾರಿ ಕಷ್ಟದ್ದೇನಲ್ಲ. ತಂಪು ಗಾಳಿ, ಮಾಗಿದ ಭತ್ತದ ವಾಸನೆ. ನಾನೂ ಅಂದು ಗೊಣಗದೆ ಹತ್ತಿದೆ.

ನಮ್ಮದು ಬಸವಣ್ಣನವರನ್ನು ನಂಬಿದ ಮನೆತನ. ಕೊರಳಲ್ಲಿ ಲಿಂಗ ನಾನೂ ಕಟ್ಟಿಕೊಂಡಿದ್ದೇನೆ, ಆದರೆ ನನ್ನ ಪೂಜೆ ಗಡಿಬಿಡಿಯದು. ಅತ್ತೆಯದು ಹಾಗಲ್ಲ. ಲಿಂಗಪೂಜೆ ಆಗದೆ ಊಟವಿಲ್ಲ, ಮೈಮೇಲೆ ಲಿಂಗವಿಲ್ಲದಿದ್ದರೆ ಗುಟುಕು ನೀರೂ ಇಲ್ಲ. ಆ ದಿನ ನಸುಕಿನಲ್ಲೇ ಹೊರಟಿದ್ದರಿಂದ ಪೂಜೆಯನ್ನು ಗುಡ್ಡದ ಮೇಲೆ ಮಾಡಿ, ಅಲ್ಲೇ ಬುತ್ತಿ ಬಿಚ್ಚುವುದೆಂದು ಮಾತಾಗಿತ್ತು.

ಅತ್ತೆ ಬಂಡೆಯ ಮೇಲೆ ಕುಳಿತು, ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿದರು. ವಸ್ತ್ರದಲ್ಲಿ ಸುತ್ತಿ ಇನ್ನೇನು ಕೊರಳಿಗೆ ಕಟ್ಟಿಕೊಳ್ಳಬೇಕು, ಎಲ್ಲಿದ್ದವೋ ಏನೋ, ಮಂಗಗಳ ಹಿಂಡೇ ಬಂದುಬಿಟ್ಟಿತು. ಒಂದು ಮಂಗ ಹೂವಿನ ಚೀಲ ಕಿತ್ತುಕೊಂಡು ಮರ ಹತ್ತಿತು. ಇನ್ನೊಂದು ನನ್ನ ಸೀರೆಯ ಸೆರಗಿಗೇ ಕೈ ಹಾಕಿತು. ನಾನು ಚೀರಿದೆ. ಅತ್ತೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ, ಬುತ್ತಿ ಗಂಟನ್ನು ಎದೆಗವಚಿಕೊಂಡು ಓಡಿದರು. ನಾನು ಅವರಿಗಿಂತ ಮುಂದೆ ಓಡಿದ್ದು ಅದೇ ಮೊದಲು.

ಗುಡ್ಡದ ಬುಡಕ್ಕೆ ಬಂದು ನಗುತ್ತ ಕುಳಿತಾಗ ಅತ್ತೆ ಕೊರಳು ಮುಟ್ಟಿ ನೋಡಿಕೊಂಡರು. ಅವರ ಮುಖ ಬಿಳಿಚಿತು. "ನನ್ನ ಲಿಂಗ ಇಲ್ಲವಾ. ಹೂವಿನ ಚೀಲದಾಗ ಹೋತೇನ?" ಹುಟ್ಟಿದಾಗ ಕಟ್ಟಿದ ಲಿಂಗ. ಅಷ್ಟು ಗಟ್ಟಿ ಹೆಂಗಸು ಕಣ್ಣೀರು ಹಾಕಿದ್ದನ್ನು ನಾನು ನೋಡಿರಲಿಲ್ಲ.

ಬಾಜೂ ಗದ್ದೆಯಲ್ಲಿ ಭತ್ತ ಕೊಯ್ಯುತ್ತಿದ್ದ ಲಕ್ಷ್ಮೀಬಾಯಿ ಎಂಬ ಹೆಂಗಸು ಓಡಿಬಂದರು. ಅವರ ಮನೆಮಾತು ಮರಾಠಿ. "ಕಾಯ್ ಝಾಲಂ ಆಯಿ? ಏನಾತ್ರಿ ಅವ್ವಾ, ಯಾಕ ಅಳಾಕತ್ತೀರಿ?" ಎಂದು ಕೇಳಿ ಎಲ್ಲ ತಿಳಿದುಕೊಂಡರು. ಕುಡಗೋಲನ್ನು ಬದುವಿನ ಮೇಲಿಟ್ಟು, ಕೋಲು ಹಿಡಿದು ನಮ್ಮ ಜೊತೆ ಮತ್ತೆ ಗುಡ್ಡ ಹತ್ತಿದರು. ಬಂಡೆಯ ಸಂದು, ಪೊದೆ, ತರಗೆಲೆ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಮರದ ಕೆಳಗೆ ಹರಿದ ಹೂವಿನ ಚೀಲ ಸಿಕ್ಕಿತು. ಅದರಲ್ಲಿ ಎರಡು ಬಿಲ್ವಪತ್ರೆ ಬಿಟ್ಟರೆ ಏನೂ ಇರಲಿಲ್ಲ.

ಬಿಸಿಲೇರಿತ್ತು. ನೀರೂ ಕುಡಿಯದ ಅತ್ತೆಯ ತುಟಿ ಒಣಗಿತ್ತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಆಮೇಲೆ ಏನೂ ತಿಂದಿರದ ನನಗೆ ಕೈಕಾಲು ನಡುಗಿ, ಕಣ್ಣು ಕತ್ತಲೆ ಬಂದು, ಅಲ್ಲೇ ಕುಸಿದು ಕುಳಿತೆ. ಲಕ್ಷ್ಮೀಬಾಯಿ ಗಾಬರಿಯಾಗಿ, "ಇವರಿಗೆ ಏನರ ತಿನ್ನಾಕ ಕೊಡ್ರಿ" ಎಂದರು. "ಬ್ಯಾಡ್ರಿ, ಅತ್ತಿಯವರು ಉಣ್ಣದ ನಾ ಹೆಂಗ ಉಣ್ಣಲಿ" ಎಂದೆ ನಾನು.

ಅತ್ತೆಗೆ ಸಿಟ್ಟು ಬಂತು. "ಶಾಣ್ಯಾತನ ಸಾಕು. ನೇಮ ನಂದು, ನಿಂದಲ್ಲ" ಎಂದು ಕಣ್ಣೊರೆಸಿಕೊಂಡು ಪಕ್ಕದಲ್ಲೇ ಕುಳಿತರು. ತಾವೇ ಬುತ್ತಿ ಗಂಟು ಬಿಚ್ಚಿದರು. ಮೇಲಿನ ರೊಟ್ಟಿ ಎತ್ತಿದರು. ರೊಟ್ಟಿಗಳ ನಡುವೆ, ಶೇಂಗಾ ಚಟ್ನಿಯ ಡಬ್ಬಿಯ ಪಕ್ಕ, ವಸ್ತ್ರದಲ್ಲಿ ಸುತ್ತಿದ ಲಿಂಗ ಬೆಚ್ಚಗೆ ಕುಳಿತಿತ್ತು. ಮಂಗನ ಕೈಗೆ ಸಿಗಬಾರದೆಂದು ಗಡಿಬಿಡಿಯಲ್ಲಿ ಗಂಟಿನ ಸಂದಿನಿಂದ ತಾವೇ ಅಲ್ಲಿ ತುರುಕಿ, ಅಂಜಿಕೆಯಲ್ಲಿ ಮರೆತಿದ್ದರು. ಲಿಂಗ ಸಿಗದೆ ಗಂಟು ಬಿಚ್ಚುವುದಿಲ್ಲ ಎಂದು ಕುಳಿತಿದ್ದರೆ ನಾವು ಸಂಜೆಯವರೆಗೂ ಆ ಗುಡ್ಡ ಸುತ್ತುತ್ತಿದ್ದೆವು.

ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಕಟ್ಟಿಕೊಂಡರು. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಲಕ್ಷ್ಮೀಬಾಯಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮೊದಲ ರೊಟ್ಟಿ ನನ್ನ ಕೈಗಿತ್ತು, ಎರಡನೆಯದನ್ನು ಅವರಿಗೆ ಕೊಡಹೋದಾಗ ತಿಳಿಯಿತು, ಅವರೂ ಗದ್ದೆಗೆ ತಂದ ತಮ್ಮ ಬುತ್ತಿ ಮುಟ್ಟಿರಲಿಲ್ಲ. "ಆಯಿ ಉಪಾಸ ಇದ್ದಾಗ ನನಗ ಭಾಕರಿ ಇಳೀತದೇನ್ರಿ?" ಎಂದರು. ಮೂವರೂ ಮರದ ನೆರಳಿನಲ್ಲಿ ಕುಳಿತು ಗಂಟು ಖಾಲಿ ಮಾಡಿದೆವು. ಅಂಥ ಊಟ ನಾನು ಯಾವ ಮದುವೆಯಲ್ಲೂ ಉಂಡಿಲ್ಲ.

ಮರಳುವಾಗ ಬಸ್ಸಿನಲ್ಲಿ ಕೇಳಿದೆ, "ಲಿಂಗ ಸಿಗಲಿಲ್ಲಂದ್ರ ಏನ್ ಮಾಡ್ತಿದ್ರಿ ಅತ್ತಿ?"

"ನಿನಗ ಉಣಿಸಿ, ಮತ್ತ ಹುಡುಕಾಕ ಹೋಗ್ತಿದ್ನಿ" ಎಂದು ಹೇಳಿ ಅತ್ತೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು.

ಅತ್ತೆ ಎಂಥ ನೇಮದವರೆಂದು ನಮ್ಮ ಓಣಿಗೆಲ್ಲ ಗೊತ್ತು. ಅಂಥವರಿಗೆ ಅಂಥ ಹೊತ್ತಿನಲ್ಲೂ ನನ್ನ ಹಸಿವು ಕಂಡಿತಲ್ಲ, ಅದನ್ನು ನೆನೆದಾಗಲೆಲ್ಲ ಈಗಲೂ ಹೊಟ್ಟೆ ತುಂಬಿದಂತಾಗುತ್ತದೆ.