ಗಂಡನ ಗೋಲಿನ ಹಿಂದೆ ನಿಂತು

ನನಗೆ ನೋಡಿದ ಹುಡುಗ ಭದ್ರಾವತಿ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್ ಎಂದು ಗೊತ್ತಾದ ದಿನ ನಮ್ಮಪ್ಪ ಸರಿಯಾಗಿ ಊಟ ಮಾಡಲಿಲ್ಲ. ಜಾತಕ ಕೂಡಿತ್ತು, ಮನೆತನ ಗೊತ್ತಿದ್ದದ್ದೇ, ಹುಡುಗನಿಗೆ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕಾಯಂ ಕೆಲಸ. ಬೇಡ ಅನ್ನಲು ಕಾರಣವೇ ಇರಲಿಲ್ಲ.

"ಎಲ್ಲಾ ಸರಿ ಕಣೇ, ಆದ್ರೆ ಹೋಗಿ ಹೋಗಿ ಆ ಟೀಮಿನೋನಾ?" ಎಂದು ಅಮ್ಮನ ಹತ್ತಿರ ಗೊಣಗಿದರು.

"ನಿಮ್ಮ ಮಗಳು ಅವನ ಜೊತೆ ಸಂಸಾರ ಮಾಡ್ಬೇಕೋ, ಚೆಂಡಾಡ್ಬೇಕೋ?" ಎಂದು ಅಮ್ಮ ರೇಗಿದಳು. ಮದುವೆ ಆಯಿತು.

ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚಿನ ಮಾತು ಇದು. ಅಪ್ಪನಿಗೆ ಶಿವಮೊಗ್ಗದಲ್ಲಿ, ಈಗ ಗಾಂಧಿ ಬಜಾರ್ ಅನ್ನುವ ಕಡೆ, ಸಣ್ಣ ಬಟ್ಟೆ ಅಂಗಡಿ. ಮ್ಯಾಚ್ ಇದ್ದ ದಿನ ಗಿರಾಕಿ ಎದುರಿಗೆ ನಿಂತಿದ್ದರೂ ಬಾಗಿಲು ಹಾಕುತ್ತಿದ್ದರು. ನಾನು ಚಿಕ್ಕವಳಿದ್ದಾಗ ನನ್ನನ್ನೂ ಹೆಗಲ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಹೋಗುತ್ತಿದ್ದರು. ದೊಡ್ಡವಳಾದ ಮೇಲೆ ಅದು ನಿಂತಿತು. ಆಮೇಲೆ ಅಪ್ಪ ಮನೆಗೆ ಬಂದು, ಜಗಲಿಯ ಮೇಲೆ ಅಡಿಕೆ ಹೋಳುಗಳನ್ನಿಟ್ಟು ಯಾರು ಯಾರಿಗೆ ಚೆಂಡು ಕೊಟ್ಟರು ಎಂದು ತೋರಿಸಬೇಕಾಗಿತ್ತು. ತೋರಿಸದಿದ್ದರೆ ನಾನು ಬಿಡುತ್ತಿರಲಿಲ್ಲ.

ನಮ್ಮೂರಿನ ಟೀಮಿನಲ್ಲಿ ಅಂಗಡಿಯವರು, ಕಚೇರಿಯ ಗುಮಾಸ್ತರು, ಒಬ್ಬ ಡ್ರಿಲ್ ಮೇಷ್ಟ್ರು. ಬಹಳ ಮಂದಿ ಬರಿಗಾಲಲ್ಲೇ ಆಡುತ್ತಿದ್ದರು. ಭದ್ರಾವತಿಯದು ಕಾರ್ಖಾನೆಯ ಟೀಮು; ಅವರಿಗೆ ಬೂಟು, ಒಂದೇ ಬಣ್ಣದ ಅಂಗಿ, ಆಟಕ್ಕೆಂದು ರಜೆ. ಅವರು ನಮ್ಮನ್ನು ಮಂಡಕ್ಕಿ ಟೀಮು ಅನ್ನುತ್ತಿದ್ದರು. ನಾವು ಅವರನ್ನು ಮಸಿ ಟೀಮು ಅನ್ನುತ್ತಿದ್ದೆವು. ನಾನು ಮಸಿ ಟೀಮಿನ ಸೊಸೆಯಾಗಿ ಜನ್ನಾಪುರದ ಹತ್ತಿರ ಕಾರ್ಖಾನೆಯ ಸಾಲುಮನೆಯೊಂದಕ್ಕೆ ಬಂದೆ.

ಮೊದಲ ವರ್ಷ ಶಿವಮೊಗ್ಗದವರು ಆಡಲು ಬಂದಾಗ ನಾನು ಒಲೆಯ ಮುಂದಿದ್ದೆ. ಮೈದಾನ ನಮ್ಮ ಮನೆಗೆ ಕೂಗಳತೆಯಲ್ಲಿತ್ತು. ಇದ್ದಕ್ಕಿದ್ದಂತೆ ಜನ ಹೋ ಎಂದು ಕೂಗಿದರು. ಗೋಲಾಗಿದೆ, ಆದರೆ ಯಾರದ್ದು? ರೊಟ್ಟಿ ಹೆಂಚಿನ ಮೇಲೆ ಸೀದು ಹೋಯಿತು. ಅತ್ತೆ ಬಂದು ನೋಡಿ, "ಏನಾಯ್ತೇ ನಿಂಗೆ?" ಎಂದರು. ನಮ್ಮೂರು ಸೋತಿದ್ದು ನನಗೆ ಗೊತ್ತಾದದ್ದು ಸಂಜೆ ನಮ್ಮನೆಯವರ ನಗುಮುಖ ನೋಡಿ. ಇನ್ನು ಮುಂದೆ ಅಡುಗೆಮನೆಯಲ್ಲಿ ಕೂತು ಮ್ಯಾಚ್ ಕೇಳುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿಕೊಂಡೆ.

ಮುಂದಿನ ವರ್ಷ ಮ್ಯಾಚಿನ ಹಿಂದಿನ ದಿನ ಅವರು ಬೂಟಿಗೆ ಎಣ್ಣೆ ಹಚ್ಚುತ್ತಿದ್ದಾಗ ಹೇಳಿದೆ: "ನಾಳೆ ನಾನೂ ಬರ್ತೀನಿ."

"ಎಲ್ಲಿಗೆ?"

"ಮ್ಯಾಚಿಗೆ."

"ಹೆಂಗಸ್ರು ಯಾರೂ ಬರಲ್ಲ ಅಲ್ಲಿಗೆ."

"ಅದಕ್ಕೇ ಬರ್ತೀನಿ ಅಂದೆ. ಯಾರಾದ್ರೂ ಒಬ್ರು ಮೊದಲು ಬರ್ಬೇಕಲ್ಲ?"

ಅವರು ತಮಾಷೆ ಎಂದುಕೊಂಡು ನಕ್ಕರು. ಪಕ್ಕದ ಮನೆಯ ತಮಿಳು ಹೆಂಗಸು ಮಾತ್ರ ನಗಲಿಲ್ಲ. ಆಕೆಯ ಗಂಡ ಕುಲುಮೆಯಲ್ಲಿ ಕೆಲಸಕ್ಕಿದ್ದ, ಅದೇ ಟೀಮಿನಲ್ಲಿ ಆಡುತ್ತಿದ್ದ. ನಾನು ವಿಷಯ ಹೇಳಿದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಪೋಲಾಂ ಅಕ್ಕಾ, ಹೋಗಾಣ. ಹತ್ತು ವರ್ಷ ಆ ಅಂಗಿ ಒಗೆದಿದೀನಿ, ಒಂದು ದಿನಾನೂ ಆಟ ನೋಡಿಲ್ಲ," ಎಂದಳು. ಆಕೆ ಅವರ ಕಡೆ, ನಾನು ನಮ್ಮೂರ ಕಡೆ. ಅದನ್ನು ಇಬ್ಬರೂ ಆಗಲೇ ಒಪ್ಪಿಕೊಂಡೆವು.

ಮರುದಿನ ಮಧ್ಯಾಹ್ನದ ಕೆಲಸ ಮುಗಿಸಿ ಅತ್ತೆಗೆ ನೇರವಾಗಿ ಹೇಳಿಯೇ ಹೊರಟೆ. ಕದ್ದು ಹೋಗುವುದು ನನಗೆ ಬೇಕಿರಲಿಲ್ಲ. ಅತ್ತೆ ಮೂಲೆಯಲ್ಲಿದ್ದ ಕೊಡೆ ತೆಗೆದುಕೊಟ್ಟರು. "ಬಿಸಿಲಿದೆ, ಕೊಡೆ ತಗೊಂಡು ಹೋಗು," ಎಂದಷ್ಟೇ ಹೇಳಿದರು.

ಮೈದಾನದ ಒಂದು ಕೊನೆಯಲ್ಲಿ, ಗೋಲಿನ ಹಿಂದೆ, ಒಂದು ಹೊಂಗೆ ಮರವಿತ್ತು. ನಾವಿಬ್ಬರೂ ಅಲ್ಲಿ ನಿಂತೆವು. ಜನ ಆಟ ಬಿಟ್ಟು ನಮ್ಮನ್ನೇ ತಿರುಗಿ ನೋಡಿದರು. ರುಮಾಲಿನ ಹಿರಿಯರೊಬ್ಬರು ಹತ್ತಿರ ಬಂದು, "ಇಲ್ಲಿ ನಿಮಗೇನಮ್ಮಾ ಕೆಲಸ?" ಎಂದು ಕೇಳಿದರು.

"ನಿಮಗೇನು ಕೆಲಸವೋ ಅದೇ, ಯಜಮಾನ್ರೇ," ಎಂದೆ. ಅವರು ರುಮಾಲು ಸರಿಪಡಿಸಿಕೊಂಡು ಹೊರಟುಹೋದರು. ನಾವು ಜಾಗ ಬಿಟ್ಟು ಕದಲಲಿಲ್ಲ.

ಅರ್ಧ ಆಟ ಮುಗಿದು ಎರಡೂ ಕಡೆಯವರು ದಿಕ್ಕು ಬದಲಿಸಿದಾಗ ನಮ್ಮನೆಯವರು ನೇರವಾಗಿ ನಮ್ಮ ಮುಂದಿನ ಗೋಲಿಗೆ ಬಂದು ನಿಂತರು. ನನ್ನನ್ನು ನೋಡಿದರು. ಮುಖ ಕೆಂಪಾಯಿತು. ಆಮೇಲೆ ಬೆನ್ನು ತಿರುಗಿಸಿದರು.

ನಮ್ಮೂರಿನ ಟೀಮಿಗೆ ಆ ವರ್ಷ ಕುಂಸಿ ಕಡೆಯ ರೈತರ ಮನೆಯವನೊಬ್ಬ ಸೇರಿದ್ದ. ಬರಿಗಾಲು, ಎಡಗಾಲಿನ ಆಟ. ಅವನು ಚೆಂಡು ತಳ್ಳಿಕೊಂಡು ಎಡ ಅಂಚಿನಿಂದ ನುಗ್ಗಿ ಬಂದ. ನಮ್ಮನೆಯವರು ಅವನನ್ನು ತಡೆಯಲು ಗೋಲು ಬಿಟ್ಟು ಮುಂದಕ್ಕೆ ಓಡಿದರು. ಇವರ ಹಿಂದೆ ಗೋಲು ಪೂರ್ತಿ ಖಾಲಿ ಬಿದ್ದದ್ದು ನನಗೆ ಕಾಣುತ್ತಿತ್ತು.

"ಹೊಡಿಯಪ್ಪಾ!" ಎಂದು ಕೂಗಿದೆ.

ಹೊಡೆದ. ಚೆಂಡು ಇವರ ಪಕ್ಕದಿಂದ ಹಾದು ಒಳಗೆ ಬಂತು. ಅಷ್ಟು ದೊಡ್ಡ ಮೈದಾನದಲ್ಲಿ ಆಚೆ ಮೂಲೆಯ ಶಿವಮೊಗ್ಗದವರನ್ನು ಬಿಟ್ಟರೆ ಕೂಗಿದವಳು ನಾನೊಬ್ಬಳೇ. ನಮ್ಮನೆಯವರು ನೆಲದಿಂದ ಎದ್ದು, ಚೆಂಡು ಎತ್ತಿಕೊಳ್ಳಲು ಬಂದು, ಮರದ ಬುಡದಲ್ಲಿ ಇನ್ನೂ ಕೈ ಮೇಲೆತ್ತಿಕೊಂಡೇ ಇದ್ದ ನನ್ನನ್ನು ನೋಡಿದರು. ಅದೊಂದೇ ಗೋಲಿನಿಂದ ನಮ್ಮೂರು ಗೆದ್ದಿತು.

ಮನೆಗೆ ಬಂದವರು ಕೈಕಾಲು ತೊಳೆದು ಕೂತರು. "ಕೂಗಿದ್ದು ನೀನೇನಾ?"

"ನಾನೇ."

"ನಾನು ಬಿದ್ದಿದ್ದಕ್ಕೆ ಖುಷಿ ಆಯ್ತಾ?"

"ನೀವು ಬಿದ್ದಿದ್ದಕ್ಕಲ್ಲ. ನಮ್ಮೂರು ಗೋಲು ಹೊಡೆದಿದ್ದಕ್ಕೆ."

ಅವರು ತಟ್ಟೆ ಸರಿಸಿದರು. ಬಡಿಸುತ್ತಿದ್ದ ಅತ್ತೆ ಅದನ್ನು ಮತ್ತೆ ಅವರ ಮುಂದಕ್ಕೆ ತಳ್ಳಿದರು. "ಊರು ಮರೆತುಬಿಡು ಅಂತ ತಾಳಿ ಕಟ್ಟೋವಾಗ ಯಾರೂ ಹೇಳ್ಲಿಲ್ಲ ಕಣಪ್ಪಾ. ಚೆಂಡು ಬಿಟ್ಟೋನು ನೀನು. ಊಟ ಮಾಡು."

ಕಾರ್ಖಾನೆಯಲ್ಲಿ ಅವರನ್ನು ಚೆನ್ನಾಗಿ ಗೋಳುಹೊಯ್ದುಕೊಂಡರಂತೆ. ಹೆಂಡತಿಯನ್ನು ಮನೆಯಲ್ಲಿ ಕಟ್ಟಿಹಾಕು ಎಂದು ಟೀಮಿನವನೊಬ್ಬ ಅಂದಾಗ, "ನಮ್ಮ ಮನೆ ವಿಷಯ ನಿಂಗ್ಯಾಕೆ? ಚೆಂಡು ಬಿಟ್ಟಿದ್ದು ನಾನು," ಎಂದು ಇವರು ಜಗಳಕ್ಕೇ ಹೋದರೆಂದು ಪಕ್ಕದ ಮನೆಯಾಕೆ ಹೇಳಿದಳು. ನನಗೆ ಅವರು ಅದನ್ನು ಹೇಳಲೇ ಇಲ್ಲ. ಆದರೆ ಕೆಲವು ದಿನಗಳಾದ ಮೇಲೆ ತಾವಾಗಿಯೇ ಬಂದು ಕೇಳಿದರು.

"ನೀನು ಹಿಂದೆ ನಿಂತಿದ್ಯಲ್ಲ. ನಾನೆಲ್ಲಿ ತಪ್ಪಿದೆ ಹೇಳು."

ನನಗೆ ಗೊತ್ತಿತ್ತು. ಆದರೆ ಇನ್ನೊಂದು ಮ್ಯಾಚ್ ಬಾಕಿ ಇತ್ತು, ಶಿವಮೊಗ್ಗದಲ್ಲೇ.

"ಹೇಳಲ್ಲ," ಎಂದೆ. "ನಮ್ಮೂರಿನೋರಿಗೆ ಮೋಸ ಮಾಡಿದ ಹಾಗಾಗುತ್ತೆ."

"ಎಂಥಾ ಹೆಂಡತಿ ಮಾರಾಯ್ತಿ ನೀನು!" ಎಂದು ಅವರು ತಲೆ ಚಚ್ಚಿಕೊಂಡರು. ಮರುದಿನದಿಂದ ಶಿಫ್ಟು ಮುಗಿದ ಕೂಡಲೇ ಪಕ್ಕದ ಮನೆಯವನನ್ನು ಕರೆದುಕೊಂಡು ಹಿಂದಿನ ಬಯಲಿಗೆ ಹೋಗತೊಡಗಿದರು. ಅವನು ಎಡಗಡೆಯಿಂದ ಹೊಡೆಯುವುದು, ಇವರು ಬೀಳುವುದು. ಮೊಣಕೈಗೆ ಅರಿಶಿನ ಹಚ್ಚುತ್ತಿದ್ದವಳು ನಾನೇ. ಹಚ್ಚುವಾಗಲೂ ಬಾಯಿ ಬಿಡಲಿಲ್ಲ.

ಶಿವಮೊಗ್ಗದ ಮ್ಯಾಚಿಗೆ ನಾನೂ ಪಕ್ಕದ ಮನೆಯಾಕೆಯೂ ರೈಲಿನಲ್ಲಿ ಹೋದೆವು. ಮಗಳು ಮೈದಾನಕ್ಕೆ ಬರುತ್ತಾಳೆಂದಾಗ ಅಪ್ಪ ತಲೆ ಕೆರೆದುಕೊಂಡರು. "ಅಳಿಯಂದ್ರು ಒಪ್ಪಿದ್ದಾರಾ?" ಎಂದರು. "ಕೇಳಿಲ್ಲ," ಎಂದೆ. ಅಪ್ಪ ಅಂಗಡಿಗೆ ಬೀಗ ಹಾಕಿದರು.

ನಮ್ಮ ಜನ ಇವರನ್ನು ಮೊದಲಿನಿಂದಲೇ ಛೇಡಿಸತೊಡಗಿದರು. "ಏ ಮಸಿ! ಹೆಂಡ್ತಿನ ಕರೆಯೋ, ಅವಳೇ ಹಿಡೀತಾಳೆ!" ಎಂದು ನನ್ನ ಹಿಂದಿನವನೊಬ್ಬ ಕೂಗಿದ. ಅಪ್ಪ ಸುಮ್ಮನೆ ನೆಲ ನೋಡುತ್ತಿದ್ದರು. ನಾನು ಎದ್ದು ತಿರುಗಿದೆ.

"ಆ ಹೆಂಡ್ತಿ ನಾನೇ. ಹುಟ್ಟಿದ್ದು ಇದೇ ಊರಲ್ಲಿ, ನಿಮಗಿಂತ ಜೋರಾಗಿ ಕೂಗ್ತೀನಿ. ಕೂಗೋದಾದ್ರೆ ನಮ್ಮೋರಿಗೆ ಹುರುಪು ಬರೋ ಹಾಗೆ ಕೂಗಿ. ಅವರನ್ನ ಬೈದ್ರೆ ಗೋಲು ಬರಲ್ಲ."

ಅಲ್ಲಿದ್ದವರು ನಕ್ಕರು. ಸ್ವಲ್ಪ ಹೊತ್ತಿಗೆ ಕುಂಸಿಯವನು ಅದೇ ಎಡ ಅಂಚಿನಿಂದ ನುಗ್ಗಿದ. ಈ ಸಲ ಇವರು ಓಡಿ ಬರಲಿಲ್ಲ. ಅವನು ಹೊಡೆಯುವವರೆಗೆ ಕಂಬದ ಹತ್ತಿರವೇ ಕಾದು, ಮೈಯೆಲ್ಲಾ ಚಾಚಿ ಚೆಂಡನ್ನು ಹೊರಗೆ ತಳ್ಳಿದರು. ಗೋಲು ತಪ್ಪಿದ್ದಕ್ಕೆ ಹಣೆ ಚಚ್ಚಿಕೊಂಡೆ. ಅವರು ಎದ್ದು ಮೊಣಕೈಯ ಮಣ್ಣು ಒರೆಸಿಕೊಂಡಾಗ ನನ್ನ ಕಣ್ಣಲ್ಲಿ ನೀರೂ ಬಂತು. ಕೊನೆಗೆ ಭದ್ರಾವತಿಯವರು ಒಂದು ಗೋಲು ಹೊಡೆದು ಗೆದ್ದರು. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡೇ ಕುಣಿದಳು.

ವಾಪಸು ಬರುವಾಗ ರೈಲಿನಲ್ಲಿ ಅವರು ಕೇಳಿದರು. "ಮುಂಚೆ ಓಡಿ ಬರ್ತಿದ್ದೆ, ಅದೇ ತಾನೇ ತಪ್ಪು?"

"ಹೂಂ. ಈಗ ನಿಮಗೇ ಗೊತ್ತಾಯ್ತಲ್ಲ."

"ಇನ್ನಾದ್ರೂ ನಮ್ಮ ಕಡೆ ಬಾ."

"ಬರಲ್ಲ," ಎಂದೆ. ಬೋಗಿಯಲ್ಲಿದ್ದ ಟೀಮಿನವರೆಲ್ಲ ಗೊಳ್ಳೆಂದು ನಕ್ಕರು. ಅವರೂ ನಕ್ಕರು.

ಯುದ್ಧ ಬಂತು. ಕಾರ್ಖಾನೆಯಲ್ಲಿ ಹಗಲೂ ರಾತ್ರಿ ಕೆಲಸ, ಎಷ್ಟೋ ಸಲ ಮ್ಯಾಚೇ ನಡೆಯಲಿಲ್ಲ. ನಡೆದಾಗಲೆಲ್ಲ ನಾನು ಹೋದೆ. ಬಸುರಿಯಾಗಿದ್ದಾಗಲೂ, ಮಗು ಎತ್ತಿಕೊಂಡೂ ಹೋದೆ. ಹೊಂಗೆ ಮರದ ಕೆಳಗೆ ಸಾಲುಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿದರು. ಒಂದು ಸಲ ಅತ್ತೆಯೂ ಬಂದು, ಆಟ ಮುಗಿಯುವವರೆಗೆ ಎಲೆ ಅಡಿಕೆ ಹಾಕಿಕೊಳ್ಳುವುದನ್ನೂ ಮರೆತು ಕೂತಿದ್ದರು.

ಮಂಡಿ ನೋವು ಹೆಚ್ಚಾಗಿ ನಮ್ಮನೆಯವರು ಆಟ ಬಿಟ್ಟ ವರ್ಷ ಅವರೂ ನಮ್ಮ ಜೊತೆ ಮರದ ಕೆಳಗೆ ನಿಂತರು. ಅವರಿಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಹೊಸ ಗೋಲ್‌ಕೀಪರನಿಗೆ ಹಿಂದಿನಿಂದ ಹೇಳಿಕೊಡುತ್ತಲೇ ಇದ್ದರು. ನಮ್ಮೂರಿನವರು ಗೋಲು ಹೊಡೆದರು. ನಾನು ಕೂಗಿದೆ.

"ಆಫ್‌ಸೈಡ್! ಈ ಗೋಲು ಲೆಕ್ಕಕ್ಕಿಲ್ಲ!" ಎಂದು ಅವರು ಕಿರುಚಿದರು.

"ಅಲ್ವೇ ಅಲ್ಲ ರೀ."

"ನಿಂಗೇನು ಗೊತ್ತು?"

"ನಿಮಗಿಂತ ಜಾಸ್ತಿ ವರ್ಷದಿಂದ ನಾನು ಇಲ್ಲಿ ನಿಂತು ನೋಡ್ತಿದೀನಿ."

ಮನೆ ಬರುವವರೆಗೂ ಅದೇ ವಾದ. ಊಟಕ್ಕೆ ಕೂತಾಗ ಅವರು ಉಪ್ಪಿನ ಬಟ್ಟಲು, ನೀರಿನ ಲೋಟ, ಎರಡು ನಿಂಬೆಹಣ್ಣು ಇಟ್ಟು ಆಫ್‌ಸೈಡ್ ಹೇಗಾಯಿತು ಎಂದು ವಿವರಿಸತೊಡಗಿದರು. ನಾನು ಲೋಟವನ್ನು ಅದು ನಿಜವಾಗಿ ಇರಬೇಕಾಗಿದ್ದ ಜಾಗಕ್ಕೆ ಸರಿಸಿದೆ.